ಶ್ರೀರಂಗಪಟ್ಟಣದ ಸೆರೆಯವರು

ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಬರುವ ನಮ್ಮ ಬಾಲಿಕೆಯರು ಶ್ರೀರಂಗಪಟ್ಟಣವನ್ನು ನೋಡಲು ಹೋದಾಗ, ಕರ್ನಲ್ ಬೈಲಿಯ ಬಂದೀಖಾನೆಯೊಳಕ್ಕೆ ಇಳಿದೊಡನೆ ಮಾತು ನಿಲ್ಲಿಸುವರು. ಸೆರೆಯವರ ಕೈಗಳನ್ನು ಬಿಗಿಯುವುದಕ್ಕಾಗಿ ರಂಧ್ರ ಕೊರೆದ ಕಲ್ಲುಗಳು ಅಲ್ಲಿ ಗೋಡೆಯುದ್ದಕ್ಕೂ ಇವೆ. “ಇವರಲ್ಲಿ ಯಾರಾದರೂ ತಪ್ಪಿಸಿಕೊಂಡರೇ?” ಎಂದು ಅವರು ನಮ್ಮನ್ನು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯಲಪೇಕ್ಷಿಸುತ್ತೇವೆ.

1780ನೆಯ ಇಸವಿ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಬೈಲಿಯ ದಂಡು ಮೈಸೂರಿನ ಸೈನ್ಯಕ್ಕೆ ಸೋತಿತು. ಅಳಿದುಳಿದವರಲ್ಲಿ ಅನೇಕರು ಶ್ರೀರಂಗಪಟ್ಟಣಕ್ಕೆ ತರಲ್ಪಟ್ಟರು. ಬೈಲಿಯು 1782ರಲ್ಲಿ ಸೆರೆಯಲ್ಲಿಯೇ ಮೃತನಾದನು. ಸಂಕೋಲೆ ತೊಟ್ಟಿದ್ದ ಡೇವಿಡ್ ಬೇರ್ಡ್ ಮೊದಲಾದವರು 1784ರ ಮಂಗಳೂರು ಒಡಂಬಡಿಕೆಯ ಮೇರೆಗೆ ಬಿಡುಗಡೆ ಹೊಂದಿದರು. ಆದರೆ ಬಲವಂತದಿಂದ ಮತಾಂತರ ಮಾಡಲ್ಪಟ್ಟ ಅನೇಕರನ್ನು, ಮುಖ್ಯವಾಗಿ ಹುಡುಗರನ್ನು, ಟಿಪ್ಪು ಸುಲ್ತಾನನು ಉಳಿಸಿಕೊಂಡನು.

ಹೀಗೆ ಉಳಿದವರಲ್ಲಿ ಜೇಮ್ಸ್ ಸ್ಕರ್ರಿ ಎಂಬವನೊಬ್ಬನು. ಅವನಿದ್ದ ಹ್ಯಾನಿಬಲ್ ಎಂಬ ಹಡಗನ್ನು 1782ರಲ್ಲಿ ಫ್ರೆಂಚರು ಹಿಡಿದು, ಸೆರೆಸಿಕ್ಕವರನ್ನು ಹೈದರಲಿಗೆ ಒಪ್ಪಿಸಿದರು. ಆಗ ಅವನಿಗೆ ಸುಮಾರು 16 ವರ್ಷ. 1790ರಲ್ಲಿ ಮತ್ತೆ ಯುದ್ಧ ಮೊದಲಾಯಿತು. ಒಡಂಬಡಿಕೆಯಿಂದ ದೊರೆಯದ ಬಿಡುಗಡೆಯನ್ನು ಸ್ಕರ್ರಿಯೂ ಅವನ ಸಂಗಡಿಗರೂ ಆ ಯುದ್ಧಕಾಲದಲ್ಲಿ ಓಡಿಹೋಗಿ ತಾವೇ ಸಂಪಾದಿಸಿಕೊಂಡರು. ಜೇಮ್ಸ್ ಬ್ರಿಸ್ಟೋ ಎಂಬ ಸಿಪಾಯಿಯೂ ಹತ್ತು ವರ್ಷಗಳ ತರುವಾಯ ಹೀಗೆಯೇ ಪಾರಾದನು.

ಪಾರಾದ ಮೇಲೆ ಸ್ಕರ್ರಿಗೆ ಕುರ್ಚಿಯ ಮೇಲೆ ಕುಳಿತುಕೊಳ್ಳುವುದೂ ಕಷ್ಟವಾಯಿತು. ತನ್ನ ತಾಯ್ನುಡಿಯೂ ತೊದಲಾಗಿತ್ತು. ಮಕ್ಕಳನ್ನು ಎಳೆಯ ವಯಸ್ಸಿನಲ್ಲಿ ಸೆರೆಯಿಟ್ಟರೆ ಅವರ ಮನೆಯೂ ಮಾತೂ ಅವರಿಂದ ಅಪಹರಿಸಲ್ಪಡುವುವೆಂಬುದಕ್ಕೆ ಇದೇ ಸಾಕ್ಷಿ. ಈ ತಪ್ಪು ಒಂದೇ ಪಕ್ಷದ್ದೆಂದು ನಾವು ಹೇಳಲಾರೆವು. 1792ರ ಸಂಧಿಯಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಇಬ್ಬರು ಬಾಲಕರನ್ನು ಒತ್ತೆಯಾಗಿ ಕೊಂಡೊಯ್ದನು; ಅವರು ಮನೆಗೆ ಮರಳಿದುದು 1794ರಲ್ಲಿ.

ಇನ್ನೊಂದು ಮಾತನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಶೇಷವಾಗಿ ಆಲೋಚಿಸಬೇಕು. ಯುದ್ಧದಲ್ಲಿ ಹಿಡಿದು ತಂದ ಹೆಣ್ಣುಮಕ್ಕಳನ್ನು ಈ ಸೆರೆಯ ಯುವಕರಿಗೆ ಮದುವೆ ಮಾಡಿಸಲಾಯಿತು. ಸ್ಕರ್ರಿಗೂ ಹೀಗೆ ಹೆಂಡತಿಯಾದವಳೊಬ್ಬಳಿದ್ದಳು. ಅವನು ಪಾರಾದನು, ಆಕೆ ಹಿಂದುಳಿದಳು. ಅವನ ವೃತ್ತಾಂತವು 1824ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಬ್ರಿಸ್ಟೋವಿನದು 1793ರಲ್ಲಿಯೇ ಅಚ್ಚಾಗಿತ್ತು. ಆಕೆಯ ಸಂಗತಿಯಾದರೋ ಗಂಡನ ಪುಸ್ತಕದಲ್ಲಿ ಬಂದಷ್ಟೇ ನಮ್ಮವರೆಗೆ ತಲುಪಿರುವುದು.

ನಿಮ್ಮ ಹೆಣ್ಣುಮಕ್ಕಳನ್ನು ಶಾಲೆಗೇಕೆ ಕಳುಹಿಸಬೇಕೆಂದು ಕೇಳುವ ತಂದೆತಾಯಿಗಳು ಈಗಲೂ ನಮ್ಮ ಬಾಗಿಲಿಗೆ ಬರುವುದುಂಟು. ಅವರನ್ನು ನಾವು ಒಮ್ಮೆ ಆ ಬಂದೀಖಾನೆಗೆ ಕರೆದೊಯ್ದು, ಈ ಹೆಂಗಸಿನ ಸಂಗತಿಯನ್ನು ಹೇಳಬೇಕೆಂದಿದ್ದೇವೆ. ತನಗೆ ಸಂಭವಿಸಿದುದನ್ನು ತನ್ನ ಕೈಯಿಂದಲೇ ಬರೆದಿಡಬಲ್ಲವಳ ಕಥೆಯು ಸೆರೆಮನೆಯಲ್ಲಿಯೇ ಉಳಿದುಹೋಗದು.