ಬುದ್ಧಿಹಲ್ಲು ಕಿತ್ತ ಗುಳಿ ಮುಚ್ಚುವುದು ಯಾವಾಗ?

ಪ್ರಶ್ನೆ: ಕೆಳದವಡೆಯ ಬುದ್ಧಿಹಲ್ಲು ತೆಗೆಸಿ ವಾರವಾಯಿತು. ಗುಳಿ ಇನ್ನೂ ಹಾಗೇ ಇದೆ. ಹೊಲಿಗೆ ಬಿಟ್ಟುಹೋಯಿತೇ?
— ಓದುಗರು, ಹೆಬ್ಬಾಳ

ಉತ್ತರ: ವಾರಕ್ಕೆ ಗುಳಿ ಕಾಣುವುದು ಸಹಜ. ಕರಗುವ ಹೊಲಿಗೆಯಾದರೆ ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಗಾಯವನ್ನು ನಿಜವಾಗಿ ಕಾಯುವುದು ಗುಳಿಯೊಳಗೆ ಹೆಪ್ಪುಗಟ್ಟಿದ ರಕ್ತ. ಅದರೊಳಗೆ ಹೊಸ ರಕ್ತನಾಳಗಳು, ಮೃದು ಅಂಗಾಂಶ ಬೆಳೆಯುತ್ತವೆ. ಅಂಚಿನಿಂದ ವಸಡು ಹಬ್ಬಿ ಸುಮಾರು 3-4 ವಾರಗಳಲ್ಲಿ ಬಾಯಿ ಮುಚ್ಚುತ್ತದೆ. ಅಡಿಯಲ್ಲಿ ಮೂಳೆ ತುಂಬಲು ತಿಂಗಳುಗಳೇ ಬೇಕು. ಬಿಳಿಯ ಪೊರೆ ಕಂಡರೆ ಕೀವೆಂದು ಕೆರೆಯಬೇಡಿ, ಅದು ಸಾಮಾನ್ಯವಾಗಿ ಮಾಯುವ ಗಾಯದ ಪದರವೇ.

ಆ ಹೆಪ್ಪು ಬೇಗ ಕಳಚಿದರೆ ಮೂಳೆ ಬಯಲಾಗಿ, 2-4ನೇ ದಿನ ಕಿವಿಯವರೆಗೂ ನೋವು ಸಿಡಿಯುತ್ತದೆ. ಅದಕ್ಕೇ ಮೊದಲ ದಿನಗಳಲ್ಲಿ ಸ್ಟ್ರಾ ಬೇಡ, ಜೋರಾಗಿ ಉಗಿಯುವುದು ಬೇಡ. ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆಯಂತೂ ಬೇಡವೇ ಬೇಡ; ಈ ಮಾತಿನಲ್ಲಿ ನಾನು ರಿಯಾಯಿತಿ ಕೊಡಲಾರೆ. ಆರಿದ ರಾಗಿ ಅಂಬಲಿ, ಮೊಸರನ್ನ ಹಿತ. 24 ಗಂಟೆ ಕಳೆದ ಮೇಲೆ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ, ಮೆಲ್ಲಗೆ.

ಊತ 2-3ನೇ ದಿನ ಹೆಚ್ಚಿ ಇಳಿಯಬೇಕು. ಇಳಿಯದೆ ಏರಿದರೆ, ಜ್ವರ, ಕೀವು, ಬಾಯಿ ತೆರೆಯಲಾಗದ ಬಿಗಿತ ಬಂದರೆ ಕಿತ್ತ ವೈದ್ಯರಲ್ಲಿಗೇ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.