ನಿಮಗಿದು ಗೊತ್ತೆ? ಗಾಂಧಾರ ಇಳಿದರೆ ಮೇಜರ್ ಮೈನರ್ ಆಗುತ್ತದೆ!

ಪಾಶ್ಚಾತ್ಯ ಸಂಗೀತದ ಮೇಜರ್ ಶ್ರೇಣಿಯ ಸ್ವರಗಳೇ ನಮ್ಮ ಕರ್ನಾಟಕ ಸಂಗೀತದ 29ನೇ ಮೇಳ ಧೀರಶಂಕರಾಭರಣದ ಸ್ವರಗಳು. ಅದರ ಅಂತರ ಗಾಂಧಾರವೊಂದನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿದರೆ 23ನೇ ಮೇಳ ಗೌರಿಮನೋಹರಿ. ಅದು ಮೆಲಾಡಿಕ್ ಮೈನರ್‌ನ ಆರೋಹಣ. ಒಂದು ಸ್ವರವನ್ನೂ ಬದಲಿಸದೆ, ಶಂಕರಾಭರಣದ ಧೈವತವನ್ನೇ ಷಡ್ಜವಾಗಿ ಹಿಡಿದರೂ ಮೈನರ್ ಸಿಗುತ್ತದೆ: 20ನೇ ಮೇಳ ನಠಭೈರವಿ. ಇದೇ ಗ್ರಹಭೇದ. ನುರಿತ ವಿದ್ವಾಂಸರು ಆಲಾಪನೆಯ ನಡುವೆ ಇದನ್ನು ಕ್ಷಣಕಾಲ ತೋರಿಸಿ ಮೂಲ ಷಡ್ಜಕ್ಕೆ ಮರಳುವಾಗ ಮೈ ಜುಮ್ಮೆನ್ನುತ್ತದೆ.

ಮೇಜರ್ ಮೈನರ್ ಆಗುವ ಈ ತಿರುವು ಪಾಶ್ಚಾತ್ಯ ರಚನೆಗಳಲ್ಲೂ ಕೇಳಸಿಗುತ್ತದೆ. ಶೂಬರ್ಟ್‌ನ 1826ರ ಜಿ ಮೇಜರ್ ಕ್ವಾರ್ಟೆಟ್‌ನಲ್ಲಿ ಮೊದಲ ಮೇಜರ್ ನಾದವೇ ಉಬ್ಬುತ್ತ ಮೈನರ್‌ಗೆ ತಿರುಗುತ್ತದೆ. ಮೆಂಡೆಲ್‌ಸನ್‌ನ ‘ಇಟಾಲಿಯನ್’ ಸಿಂಫನಿ ಎ ಮೇಜರ್‌ನಲ್ಲಿ ಆರಂಭವಾಗಿ ಎ ಮೈನರ್‌ನಲ್ಲಿ ಮುಗಿಯುತ್ತದೆ.

ಎರಡೂ ಸಂಗೀತ ಬಲ್ಲ ದೊರೆ ನಮ್ಮ ನೆರೆಯಲ್ಲೇ ಇದ್ದರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ಕಲಿತವರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದವರು. ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ಅದರ ಶ್ರುತಿ ಇ ಮೈನರ್.