ಲಿಂಕ್ಸ್ ಎಂಬ ಕಾಡುಬೆಕ್ಕೂ ಅದರ ಮೊಲವೂ

ನಮ್ಮ ಹಳೆಯ ವಿದ್ಯಾರ್ಥಿನಿಯರು ಭೂಗೋಳದ ಪಾಠದಲ್ಲಿ ಐಬೀರಿಯ ಪರ್ಯಾಯದ್ವೀಪವೆಂಬ ಹೆಸರನ್ನು ಓದಿದ್ದುದನ್ನು ಮರೆತಿರಲಾರರು. ಸ್ಪೇಯ್ನ್, ಪೋರ್ಚುಗಲ್ ದೇಶಗಳನ್ನೊಳಗೊಂಡ ಆ ಸೀಮೆಯಲ್ಲಲ್ಲದೆ ಲೋಕದ ಬೇರಾವ ಕಾಡಿನಲ್ಲಿಯೂ ಇಲ್ಲದ ಒಂದು ಮೃಗದ ವಿಷಯವಾಗಿ ನಾವು ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ಅದರ ಹೆಸರು ಐಬೀರಿಯದ ಲಿಂಕ್ಸ್. ಬೆಕ್ಕಿನ ಕುಲಕ್ಕೆ ಸೇರಿದ ಈ ಪ್ರಾಣಿಯು ಚಿರತೆಗಿಂತ ಬಹಳ ಚಿಕ್ಕದು. ಚುಕ್ಕೆಗಳುಳ್ಳ ಮೈ, ಮೋಟು ಬಾಲ, ಕಿವಿಯ ತುದಿಯಲ್ಲಿ ಕರಿಗೂದಲಿನ ಕುಚ್ಚು, ಕೆನ್ನೆಯ ಎರಡು ಪಕ್ಕಗಳಲ್ಲಿಯೂ ಗಡ್ಡ, ಇವು ಇದರ ಗುರುತುಗಳು. ಇದರ ಆಹಾರವು ಹೆಚ್ಚುಕಡಿಮೆ ಕಾಡುಮೊಲವೊಂದೇ. ಮೊಲವಿದ್ದಲ್ಲಿ ಲಿಂಕ್ಸ್ ಉಂಟು. ಮೊಲವಿಲ್ಲದಲ್ಲಿ ಅದೂ ಇಲ್ಲ.

1952ರಲ್ಲಿ ಫ್ರಾನ್ಸಿನ ವೈದ್ಯರೊಬ್ಬರು ತಮ್ಮ ಜಮೀನಿನಲ್ಲಿ ಮೊಲಗಳ ಕಾಟವನ್ನು ತಗ್ಗಿಸಬೇಕೆಂದು, ಅವುಗಳಿಗೆ ಅಂಟುವ ಒಂದು ರೋಗವನ್ನು ತರಿಸಿ ಬಿಟ್ಟರು. ರೋಗವು ಬೇಲಿಯನ್ನು ಅರಿಯದು. ಅದು ಸ್ಪೇಯ್ನಿಗೂ ಹಬ್ಬಿ ಮೊಲಗಳನ್ನು ರಾಶಿರಾಶಿಯಾಗಿ ಕೊಂದಿತು. 1980ರ ದಶಕದ ಕಡೆಯಲ್ಲಿ ಮತ್ತೊಂದು ರೋಗವೂ ಬಂದಿತು. ಇದಲ್ಲದೆ ಬೇಟೆ, ಉರುಲು, ಮೋಟಾರು ರಸ್ತೆ, ಕಾಡಿನ ನಾಶ ಇವೆಲ್ಲವೂ ಕೂಡಿದುವು. 2002ರ ಎಣಿಕೆಯ ವೇಳೆಗೆ ಸ್ಪೇಯ್ನಿನ ದಕ್ಷಿಣದ ಎರಡೇ ಸ್ಥಳಗಳಲ್ಲಿ ನೂರಕ್ಕಿಂತಲೂ ಕಡಿಮೆ ಲಿಂಕ್ಸುಗಳು ಉಳಿದಿದ್ದುವು.

ಆಗ ಸರಕಾರದವರೂ ಪ್ರಾಣಿಶಾಸ್ತ್ರಜ್ಞರೂ ಜಮೀನುದಾರರೂ ಯೂರೋಪಿಯನ್ ಒಕ್ಕೂಟದ ದ್ರವ್ಯಸಹಾಯದಿಂದ ಒಟ್ಟುಗೂಡಿ ಕೆಲಸಮಾಡಿದರು. ಕಾಡಿಗೆ ಮೊಲಗಳನ್ನು ತಂದುಬಿಟ್ಟು, ಅವುಗಳಿಗೆ ಬಿಲಗಳನ್ನು ಮಾಡಿಕೊಟ್ಟರು. ರಸ್ತೆಗಳ ಅಡಿಯಲ್ಲಿ ಲಿಂಕ್ಸಿಗೆ ದಾರಿಗಳನ್ನು ಏರ್ಪಡಿಸಿದರು. ದೊಞಾನ ಎಂಬಲ್ಲಿನ ಸಾಕಣೆಯ ಕೇಂದ್ರದಲ್ಲಿ 2005ರ ಮಾರ್ಚಿ ತಿಂಗಳಲ್ಲಿ ಸಾಲ್ಯೇಗ ಎಂಬ ಹೆಣ್ಣು ಮೂರು ಮರಿಗಳನ್ನೀಯಿತು. ಸಾಕಣೆಯಲ್ಲಿ ಹುಟ್ಟಿದ ಮೊದಲನೆಯ ಮರಿಗಳು ಅವೇ. ಕೆಲವು ವಾರಗಳಲ್ಲಿ ಮರಿಗಳು ತಮ್ಮೊಳಗೆ ಕಾದಾಡಿ ಒಂದು ಸತ್ತುಹೋಯಿತು. ಪಾಲಕರು ಎದೆಗುಂದಲಿಲ್ಲ, ಆ ವಯಸ್ಸಿನಲ್ಲಿ ಇಂಥ ಜಗಳವು ಸಹಜವೆಂದು ಅರಿತು, ಮುಂದಿನ ಮರಿಗಳನ್ನು ಹೆಚ್ಚು ಎಚ್ಚರದಿಂದ ಕಾದರು. ಹೀಗೆ ಬೆಳೆದವುಗಳನ್ನು ಮೊಲದ ಬೇಟೆಗೆ ಪಳಗಿಸಿ ಕಾಡಿಗೆ ಬಿಟ್ಟರು. 2014ರಿಂದ ಪೋರ್ಚುಗಲಿನಲ್ಲಿಯೂ ಬಿಡತೊಡಗಿದರು. 2023ರ ಎಣಿಕೆಯಲ್ಲಿ ಅವುಗಳ ಸಂಖ್ಯೆಯು ಎರಡು ಸಾವಿರವನ್ನು ದಾಟಿತು. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣಾ ಸಂಘದವರು ಇದನ್ನು ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಲು ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಿದರು.

ಆದರೂ ಭಯವು ಪೂರ್ತಿಯಾಗಿ ನೀಗಿಲ್ಲ. ಮೊಲಗಳಿಗೆ ಪುನಃ ಜಾಡ್ಯ ಹತ್ತಿದರೆ ಲಿಂಕ್ಸಿಗೆ ಪುನಃ ಹಸಿವೆಯೇ ಸರಿ. ಒಬ್ಬರ ಜಮೀನಿನಲ್ಲಿ ಒಂದು ದಿನ ಮಾಡಿದ ಕೆಲಸದ ಕೇಡನ್ನು ತಿದ್ದುವದಕ್ಕೆ ಎರಡು ದೇಶಗಳ ಅನೇಕ ಕೈಗಳು ಇಪ್ಪತ್ತು ವರುಷ ದುಡಿಯಬೇಕಾಯಿತು. ಆದುದರಿಂದ ತಾಯಂದಿರು ಮಕ್ಕಳಿಗೆ ಒಂದು ಮೃಗದ ಹೆಸರನ್ನು ಕಲಿಸುವಾಗ, ಅದು ಏನನ್ನು ತಿಂದು ಬದುಕುತ್ತದೆಂಬುದನ್ನೂ ಜೊತೆಯಲ್ಲಿಯೇ ಕಲಿಸಬೇಕೆಂದು ನಾವು ಬಯಸುತ್ತೇವೆ.